ಮೂಡಲ ಸಾಲಿನ ಸೊಪ್ಪು

ರೇಣು, ನೀನು ಹೇಳಿದ್ದೆ. ಮೂಡಲ ಕಡೆಯ ಸಾಲುಗಳ ಸೊಪ್ಪು ಕೊಯ್ಯಬೇಡಿ ಎಂದು ನನ್ನ ಎದುರಿಗೆ ನಿಂತು, ನನ್ನ ಕೈ ಹಿಡಿದುಕೊಂಡು ಹೇಳಿದ್ದೆ. ನೀನು ಹೇಳಲೇ ಇಲ್ಲ ಎಂದು ಸಿನಿಮಾದವರ ಮುಂದೆ ಸುಳ್ಳು ಹೇಳಿದವಳು ನಾನು. ನಿನ್ನ ಅಣ್ಣನಲ್ಲ — ನಾನು, ನಿನ್ನ ಅತ್ತಿಗೆ.

ಇಷ್ಟು ಹೇಳುವುದಕ್ಕೆ ಎಂಟು ವರ್ಷ ಹಿಡಿಯಿತು. ಈಗಲೂ ಹೇಳುತ್ತಿರಲಿಲ್ಲವೇನೋ. ಹೋದ ವಾರ ಆ ಸಿನಿಮಾದ ತುಣುಕು ಮತ್ತೆ ಎಲ್ಲರ ಮೊಬೈಲಿಗೂ ಬಂತು, ಅದರ ಬೆನ್ನಿಗೇ ನಿನ್ನ ಫೋನೂ ಬಂತು. ಆಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ. ಅಂದು ನಿನ್ನನ್ನು ನೋಡಿ ನಕ್ಕವರೂ ಇದನ್ನು ಓದಲಿ ಎಂದು ಎಲ್ಲರಿಗೂ ಕಾಣುವ ಹಾಗೆ ಮೊಬೈಲಿನಲ್ಲೇ ಬರೆಯುತ್ತಿದ್ದೇನೆ.

ಚಂದ್ರನ ಒಂದು ಹೋಳು ಕಿತ್ತುಕೊಂಡು ಬಂದು ಭೂಮಿಗೆ ಬೀಳುವ ಕಥೆ ಅದು. ತಪ್ಪುಗಳಿಗೇನೂ ಬರವಿರಲಿಲ್ಲ. ಹೋಳು ಕಿತ್ತುಹೋದ ಮೇಲೂ ಮುಂದಿನ ದೃಶ್ಯದಲ್ಲಿ ಚಂದ್ರ ದುಂಡಗೇ ಇರುತ್ತಾನೆ. ಎಲ್ಲೋ ಇರುವ ಸಮುದ್ರದ ಅಲೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಹನೂರಿನ ಗುಡ್ಡ ಹತ್ತುತ್ತದೆ. ಟವರುಗಳೆಲ್ಲ ಉರುಳಿ ಬಿದ್ದರೂ ನಾಯಕ ಫೋನಿನಲ್ಲಿ ಅಳುತ್ತಲೇ ಇರುತ್ತಾನೆ. ಆದರೆ ಜನ ಇವತ್ತಿಗೂ ನಗುವುದು ಇವಕ್ಕಲ್ಲ. ನಾಯಕ ಮಗುವನ್ನು ಎತ್ತಿಕೊಂಡು ಸೊಂಪಾಗಿ ಬೆಳೆದ ಹಿಪ್ಪುನೇರಳೆ ತೋಟದೊಳಕ್ಕೆ ಓಡುತ್ತಾನಲ್ಲ — ಮರುಕ್ಷಣ ಅದೇ ತೋಟದಿಂದ ಹೊರಗೆ ಬರುವಾಗ ಅಲ್ಲಿ ಎಲೆಯೂ ಇಲ್ಲ, ಕಡ್ಡಿಯೂ ಇಲ್ಲ, ಬರೀ ಮೊಂಡು ಬುಡಗಳು. ಆ ತೋಟ ನಮ್ಮದು, ಮಧುವನಹಳ್ಳಿಯದು.

ನೀನಾಗ ಡಿಗ್ರಿ ಮುಗಿಸಿ ಮನೆಯಲ್ಲಿದ್ದೆ. ಚಿತ್ರೀಕರಣ ನೋಡಲು ಹೋದವಳು, ನಾಯಕನ ಗಡಿಯಾರ ಬೆಳಿಗ್ಗೆ ಎಡಗೈಯಲ್ಲಿತ್ತು, ಈಗ ಬಲಗೈಗೆ ಬಂದಿದೆ ಎಂದು ಯಾರಿಗೋ ಹೇಳಿದೆಯಂತೆ. ನಿರ್ದೇಶಕರು ನಿನ್ನನ್ನು ಅಲ್ಲೇ ಕೆಲಸಕ್ಕೆ ಇಟ್ಟುಕೊಂಡರು. ಒಂದು ದೃಶ್ಯಕ್ಕೂ ಮುಂದಿನ ದೃಶ್ಯಕ್ಕೂ ಬಟ್ಟೆ, ಬೊಟ್ಟು, ಬಾಗಿಲು, ನೆರಳು ಎಲ್ಲ ಹೊಂದುತ್ತವೆಯೇ ಎಂದು ನೋಡಿಕೊಳ್ಳುವ ಕೆಲಸ. ನಿನಗೆ ಅದು ಹುಟ್ಟಿನಿಂದಲೇ ಬಂದಿತ್ತು. ಡಬ್ಬಿ ಒಂದು ಗೇಣು ಜರುಗಿದರೂ ಅಡುಗೆಮನೆಗೆ ಕಾಲಿಟ್ಟ ತಕ್ಷಣ ಗೊತ್ತಾಗುತ್ತಿತ್ತು ನಿನಗೆ. ಸಿನಿಮಾ ಮುಗಿದ ಮೇಲೆ ಮುಂದಿನದಕ್ಕೂ ಕರೆದುಕೊಂಡು ಹೋಗುತ್ತೇವೆ ಎಂದಿದ್ದರು. ನೀನು ಆ ಮಾತನ್ನು ನನಗೆ ಹೇಳುವಾಗ ನಿನ್ನ ಮುಖ ನೋಡಬೇಕಿತ್ತು... ನಾನು ಸರಿಯಾಗಿ ನೋಡಲಿಲ್ಲ. ನೋಡಲು ಆಗಲಿಲ್ಲ.

ಯಾಕೆಂದು ಹೇಳಬೇಕಲ್ಲ. ಪಿಯುಸಿಯಲ್ಲಿ ವಿಜ್ಞಾನ ಓದಿದವಳು ನಾನು, ಮುಂದೆಯೂ ಓದುವ ಆಸೆಯಿತ್ತು, ಮದುವೆಯಾಯಿತು. ನೀನು ಹೈಸ್ಕೂಲಿನಲ್ಲಿದ್ದಾಗ ಪಾಠ ಹೇಳಿಕೊಟ್ಟವಳೂ ನಾನೇ. ಮಿಂಚು ಹೊಡೆದ ಮೇಲೆ ಜಗುಲಿಯಲ್ಲಿ ಕೂತು ಇಬ್ಬರೂ ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದೆವು, ಗುಡುಗು ಎಷ್ಟು ಹೊತ್ತಿಗೆ ಬರುತ್ತದೆ ಅಂತ. ಆಗ ನೀನು ನನ್ನವಳಾಗಿದ್ದೆ. ಆ ಕೆಲಸ ಸಿಕ್ಕ ಮೇಲೆ ನೀನು ಕುತ್ತಿಗೆಗೆ ಸಿನಿಮಾದವರ ಕಾರ್ಡು ಹಾಕಿಕೊಂಡು ಬೆಳಿಗ್ಗೆ ಹೊರಟರೆ, ಮನೆಯಲ್ಲಿ ರೇಷ್ಮೆ ಹುಳು, ಸೊಪ್ಪು, ಕಸ, ಅಡುಗೆ ಎಲ್ಲ ನನ್ನ ತಲೆಯ ಮೇಲೆ. ನಾಲ್ಕನೇ ಜ್ವರ ಎದ್ದ, ಅಂದರೆ ಕೊನೆಯ ಪೊರೆ ಕಳಚಿದ ಹುಳು ಹೇಗೆ ತಿನ್ನುತ್ತವೆ ಎಂದು ಸಾಕಿದವರಿಗೆ ಗೊತ್ತು — ಹಾಕಿದ್ದು ಹಾಕಿದ ಹಾಗೇ ಖಾಲಿ. ಕಷ್ಟವಾಗುತ್ತಿತ್ತು. ಆದರೆ ಅದು ಕಾರಣವಲ್ಲ ರೇಣು. ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರಿಲ್ಲ.

ನಾಯಕನಿಗೆ ಜ್ವರ ಬಂದು ಚಿತ್ರೀಕರಣ ಅರ್ಧಕ್ಕೇ ನಿಂತಿತು. ತೋಟದೊಳಕ್ಕೆ ಓಡುವುದು ಆಗಿತ್ತು, ಹೊರಗೆ ಬರುವುದು ಬಾಕಿ. ಅವನಿಲ್ಲದ ಬೇರೆ ದೃಶ್ಯಗಳಿಗೆಂದು ಚಿತ್ರತಂಡದವರ ಜೊತೆ ಹನೂರಿಗೆ ಹೊರಟಿದ್ದೆ ನೀನು. ಬಾಗಿಲ ಹತ್ತಿರ ನನ್ನ ಕೈ ಹಿಡಿದುಕೊಂಡು ಹೇಳಿದೆ: "ಅತ್ಗೆ, ಮೂಡ್ಲು ಕಡೆ ಸಾಲ್ಗಳ ಕುಯ್ಯಕ್ ಓಗ್ಬ್ಯಾಡಿ. ಪಡ್ವಲ್ ಕಡೆ ಸೊಪ್ಪು ಅದಲ್ಲ, ಅದ್ನೇ ಆಕಿ. ಅಣ್ಣಂಗೂ ಏಳ್ಬುಡಿ, ಮರಿಬ್ಯಾಡಿ."

ಪಡುವಲ ಕಡೆ ಸೊಪ್ಪು ಇತ್ತು. ಹುಳು ಗೂಡು ಕಟ್ಟುವ ತನಕ ಸಾಕಾಗುವಷ್ಟಿತ್ತು. ಮಾರನೆಯ ದಿನ ನಿನ್ನಣ್ಣ ಕುಡುಗೋಲು ಹಿಡಿದು ಯಾವ ಕಡೆ ಕೊಯ್ಯಲಿ ಎಂದು ಕೇಳಿದಾಗ ನಾನು ಮೂಡಲ ಕಡೆ ಕೈ ತೋರಿಸಿದೆ. ನೀನು ಹೇಳಿದ್ದು ಮರೆತಿರಲಿಲ್ಲ. ಚೆನ್ನಾಗಿ ನೆನಪಿತ್ತು. ಅವರು ಕೊಯ್ಯುತ್ತಿದ್ದರು, ನಾನು ಹೊರೆ ಕಟ್ಟುತ್ತಿದ್ದೆ — ಪ್ರತಿ ಹೊರೆಗೂ ಇನ್ನೂ ಸಮಯವಿದೆ, ಈಗ ಹೇಳಿಬಿಡಬಹುದು ಅನ್ನಿಸುತ್ತಿತ್ತು. ಹೇಳಲಿಲ್ಲ.

ಚಿತ್ರತಂಡದವರು ವಾಪಸು ಬಂದು ತೋಟ ನೋಡಿ ದಂಗಾದರು. ನೀನು ಇನ್ನೂ ಹಿಂದಿನ ಗಾಡಿಯಲ್ಲಿದ್ದೆ, ನಿನ್ನಣ್ಣ ಆಗಷ್ಟೇ ಕೊಳ್ಳೇಗಾಲಕ್ಕೆ ಹೋಗಿದ್ದರು. ಮ್ಯಾನೇಜರು ನೇರ ನನ್ನ ಹತ್ತಿರ ಬಂದು, ಆ ಹುಡುಗಿ ಕೊಯ್ಯಬೇಡಿ ಅಂತ ಹೇಳಿದ್ದಳಾ ಇಲ್ಲವಾ, ಅಷ್ಟು ಹೇಳಿ ಸಾಕು ಎಂದ. ಹೌದು ಎನ್ನಲು ಬಾಯಿ ತೆರೆದೆ ಅಂತ ಈಗ ಹೇಳಿಕೊಳ್ಳಬಹುದು. ಸುಳ್ಳಾಗುತ್ತದೆ. ತಡವರಿಸದೆ ಹೇಳಿದೆ:

"ಇಲ್ಲ ಸಾ. ನಮ್ಗೇನೂ ಏಳ್ನಿಲ್ಲ."

ಅಷ್ಟೇ. ನಿನ್ನ ಕುತ್ತಿಗೆಯ ಕಾರ್ಡನ್ನು ಅಂದೇ ತೆಗೆಸಿದರು. ನಿಮ್ಮ ಮನೆಯವರೇ ಹೇಳುತ್ತಿದ್ದಾರಲ್ಲಮ್ಮ ಎಂದರಂತೆ. ಮನೆಯವರು ಎಂದರೆ ಯಾರು ಎಂದು ನೀನು ಕೇಳಲಿಲ್ಲ, ಅವರೂ ಹೇಳಲಿಲ್ಲ, ಅಣ್ಣನೇ ಇರಬೇಕು ಎಂದು ನೀನು ತಿಳಿದುಕೊಂಡೆ. ಅಳುತ್ತಾ ಬಂದು ನನ್ನನ್ನೇ ಕೇಳಿದೆ — "ನೀವು ಅಣ್ಣಂಗೆ ಏಳ್ನಿಲ್ವಾ ಅತ್ಗೆ?" ಆಗಲೂ ಒಂದು ಅವಕಾಶವಿತ್ತು ನನಗೆ. "ಏಳ್ದೆ ಕಣವ್ವ. ಅವ್ರು ಕೇಳ್ಬೇಕಲ್ಲ" ಎಂದೆ. ಮೊದಲನೆಯ ಸುಳ್ಳಿಗಿಂತ ಇದೇ ದೊಡ್ಡದು. ಒಂದೇ ಮಾತಿನಲ್ಲಿ ನಿನ್ನ ಕೆಲಸದ ಜೊತೆ ನಿನ್ನ ಅಣ್ಣನನ್ನೂ ಕಿತ್ತುಕೊಂಡೆ.

ಸಂಜೆ ನಿನ್ನಣ್ಣ ಬಂದಾಗ ನೀನು ಕೇಳಿದ್ದು ಒಂದೇ ಮಾತು. "ಯಾಕಣ್ಣ ಇಂಗ್ ಮಾಡ್ದೆ?" ನೀನು ಕೇಳಿದ್ದು ಸುಳ್ಳಿನ ವಿಷಯ. ಅವರಿಗೆ ಗೊತ್ತಿದ್ದದ್ದು ಸೊಪ್ಪಿನ ವಿಷಯ ಮಾತ್ರ. "ಮತ್ತೇನವ್ವ, ಉಳ ಉಪಾಸ ಸಾಯ್ಲಿ ಅಂತ ಬುಡಕಾದದಾ?" ಎಂದರು. ನೀನು ಅಷ್ಟಕ್ಕೇ ಒಳಗೆ ಹೋದೆ. ಇಬ್ಬರ ಮಾತೂ ಪೂರ್ತಿ ಅರ್ಥವಾಗಿದ್ದು ಆ ಮನೆಯಲ್ಲಿ ನನಗೊಬ್ಬಳಿಗೆ. ನಾನು ತಟ್ಟೆಗಳಿಗೆ ಸೊಪ್ಪು ಹಾಕುತ್ತಾ ಇದ್ದೆ. ಆ ಸಲ ಬೆಳೆ ಚೆನ್ನಾಗಿ ಬಂತು, ಗೂಡು ನೋಡಿದವರೆಲ್ಲ ಹೊಗಳಿದರು.

ಸಿನಿಮಾದವರಿಗೆ ಕಾಯುವ ಪುರಸೊತ್ತಿರಲಿಲ್ಲ. ಬೋಳು ತೋಟದಲ್ಲೇ ಉಳಿದ ದೃಶ್ಯ ಚಿತ್ರಿಸಿಕೊಂಡು ಹೋದರು. ಕೊಳ್ಳೇಗಾಲದ ಟಾಕೀಸಿಗೆ ನಾವಿಬ್ಬರೇ ಹೋಗಿದ್ದೆವು, ನೆನಪಿದೆಯಾ? ಮೇಲೆ ಹೋಳು ಸಿಡಿದಾಗ ಬೆಳಕೂ ಸದ್ದೂ ಒಟ್ಟಿಗೇ ಬಂತು. ನೀನು ನನ್ನ ಕಿವಿಯಲ್ಲಿ ಹೇಳಿದೆ: "ಬೆಳ್ಕು ಮೊದ್ಲು ಬತ್ತದೆ ಸಾ, ಸದ್ದು ಆಮೇಲೆ ಅಂತ ಡೈರೆಕ್ಟ್ರಿಗೆ ಏಳ್ದೆ ಅತ್ಗೆ, ನಕ್ಬುಟ್ರು. ಯಾರೇಳ್ಕೊಟ್ರು ಅಂದ್ರು. ನಮ್ಮತ್ಗೆ ಅಂದೆ." ನಮ್ಮತ್ಗೆ — ಎಷ್ಟು ಹೆಮ್ಮೆಯಿಂದ ಹೇಳಿದೆ ಅದನ್ನು. ಆಮೇಲೆ ತೋಟ ಬಂತು. ಬೇರೆ ಊರಿನವರು ಏನೆಂದು ನಕ್ಕರೋ ಗೊತ್ತಿಲ್ಲ, ನಮ್ಮ ಕಡೆಯವರಿಗೆ ಸೊಪ್ಪಿನ ಬಗ್ಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಿಂದಿನಿಂದ ಯಾರೋ ಕೂಗಿದರು, "ಚಂದ್ರ ಬೀಳಕ್ ಮುಂಚೆನೇ ಉಳ ತಿಂದ್ಬುಟ್ಟವೆ ಕಣ್ಲಾ!" ಇಡೀ ಟಾಕೀಸು ಬಿದ್ದು ಬಿದ್ದು ನಕ್ಕಿತು. ನೀನು ತಲೆ ತಗ್ಗಿಸಿ ಕೂತಿದ್ದೆ. ಕೊನೆಯಲ್ಲಿ ಹೆಸರುಗಳು ಬರುವಾಗ ಮಾತ್ರ ತಲೆ ಎತ್ತಿದೆ. ಎಲ್ಲರೂ ಎದ್ದು ಹೋದರು, ದೀಪ ಹತ್ತಿತು, ನೀನಿನ್ನೂ ಪರದೆಯನ್ನೇ ನೋಡುತ್ತಿದ್ದೆ. ನಿನ್ನ ಹೆಸರು ಬರಲಿಲ್ಲ.

ನಿನಗೆ ಯಳಂದೂರಿಗೆ ಮದುವೆಯಾಯಿತು. ಹಬ್ಬಕ್ಕೆ ಬಂದರೂ ನಿನಗೂ ಅಣ್ಣನಿಗೂ ನಡುವೆ ‘ಬಂದೆಯಾ, ಉಂಡೆಯಾ’ ಅಷ್ಟೇ ಮಾತು. ಬರುಬರುತ್ತಾ ಬರುವುದೂ ನಿಂತಿತು. ಹೋದ ವಾರ ಫೋನು ಮಾಡಿ, ಮಗಳಿಗೆ ಬೆಟ್ಟದ ದೇವಸ್ಥಾನದಲ್ಲಿ ಕಿವಿ ಚುಚ್ಚಿಸುತ್ತೇವೆ, ಬನ್ನಿ ಎಂದೆ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲು ಸೋದರಮಾವ... ಎಂದು ನಾನು ರಾಗ ಎಳೆದೆ. "ಅದ್ಕೆ ನಮ್ಮೆಜಮಾನ್ರ ಕಡೆಯವ್ರು ಒಬ್ರು ಅವ್ರೆ ಅತ್ಗೆ. ಅಣ್ಣ ಬಂದ್ರೆ ಬರ್ಲಿ."

ಬಂದರೆ ಬರಲಿ. ನಿನ್ನಣ್ಣ ಪಕ್ಕದಲ್ಲೇ ಕೂತಿದ್ದರು. ಕೇಳಿಸಿತು. ಮಗುವಿಗೆಂದು ತಂದು ಗೋಡೆಗೂಡಿನಲ್ಲಿ ಇಟ್ಟಿದ್ದ ಪುಟ್ಟ ಓಲೆಯ ಡಬ್ಬಿಯನ್ನು ಎತ್ತಿ ಬೀರುವಿನೊಳಗೆ ಇಟ್ಟರು.

ಇವತ್ತು ಬೆಳಿಗ್ಗೆ ಅವರಿಗೆ ಎಲ್ಲ ಹೇಳಿದೆ. ಬೈಯುತ್ತಾರೆ, ಹೊಡೆಯುತ್ತಾರೆ ಅಂದುಕೊಂಡಿದ್ದೆ. ಸೊಪ್ಪಿನ ಹೊರೆಯ ಮೇಲೆ ಕೂತರು. "ಸೊಪ್ಪು ಕುಯ್ದಿದ್ಕೆ ಮುನುಸ್ಕಂಡವ್ಳೆ ಅಂತ್ಲೇ ಇದ್ನಲ್ಲ ನಾನು. ಅವ್ಳ ಕಣ್ಗೆ ನಾನು ಸುಳ್ಳ ಆಗಿದ್ನಾ?" ಎಂದರು. ಆಮೇಲೆ ನನ್ನ ಜೊತೆ ಮಾತಾಡಿಲ್ಲ.

ಮಾತಾಡಬೇಕು ಅಂತಲೂ ನಾನು ಕೇಳುವುದಿಲ್ಲ. ಆ ಸಿನಿಮಾದ ತಪ್ಪುಗಳಿಗೆ ನಕ್ಕು ಮರೆತುಬಿಡಬಹುದು, ಅಲ್ಲಿ ಸತ್ತವರು ಯಾರೂ ನಿಜವಾಗಿ ಸಾಯಲಿಲ್ಲ. ಆದರೆ ನೀನು ನೋಡುವುದಿತ್ತಲ್ಲ, ಯಾರಿಗೂ ಕಾಣದ್ದು ಕಾಣುತ್ತಿದ್ದ ಆ ಕಣ್ಣು — ಅದಕ್ಕೊಂದು ಕೆಲಸ ಸಿಕ್ಕಿತ್ತು, ಅದನ್ನು ನಾನು ಕಳೆದೆ. ವಾಪಸು ಕೊಡಲು ನನ್ನಿಂದ ಆಗುವುದಿಲ್ಲ. ಅಣ್ಣನನ್ನು ಕೊಡಬಹುದು, ನೀನು ತೆಗೆದುಕೊಂಡರೆ.

ಕೊಳ್ಳೇಗಾಲದ ಬಸ್‌ ಸ್ಟ್ಯಾಂಡಿನಲ್ಲಿ ಕೂತು ಇದನ್ನು ಮುಗಿಸುತ್ತಿದ್ದೇನೆ. ಇನ್ನೇನು ಯಳಂದೂರಿನ ಬಸ್ಸು ಹೊರಡುತ್ತದೆ. ಬರೆದದ್ದು ಊರವರಿಗೆ, ನಿನಗೆ ಬಾಯಿಬಿಟ್ಟೇ ಹೇಳುತ್ತೇನೆ. ಓಲೆಯ ಡಬ್ಬಿ ನನ್ನ ಚೀಲದಲ್ಲಿಲ್ಲ. ಅದನ್ನು ತರಬೇಕಾದವರು ಅವರು, ನೀನು ಕರೆದ ಮೇಲೆ. ಬೆಟ್ಟಕ್ಕೆ ನಾನು ಬರುವುದಿಲ್ಲ. ನನ್ನನ್ನು ಒಳಗೂ ಕರೆಯಬೇಡ ರೇಣು, ಬಾಗಿಲಲ್ಲೇ ನಿಂತು ಹೇಳಿ ಹೋಗುತ್ತೇನೆ. ಮಗು ತನ್ನ ಸೋದರಮಾವನ ತೊಡೆಯ ಮೇಲೆ ಕೂರಲಿ.