ಚಿತ್ರವಿಲ್ಲದೆ ಬಂದ ದನಿ

೨೦೦೩ರ ಮಾತು. ಬೈಲಹೊಂಗಲದಲ್ಲಿ ನಮ್ಮದೊಂದು ಸಣ್ಣ ವಿಡಿಯೋ ಸ್ಟುಡಿಯೋ ಇತ್ತು. ನಮ್ಮ ಯಜಮಾನರು ಮದುವೆಗಳಲ್ಲಿ ಕ್ಯಾಮೆರಾ ಹಿಡಿಯುತ್ತಿದ್ದರು. ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಎಡಿಟಿಂಗ್ ಮಾಡುವುದು ನನ್ನ ಕೆಲಸ.

ಆ ಬೇಸಿಗೆಯಲ್ಲಿ ಮುರಗೋಡದ ಗಿರಿಜಾ ಎಂಬ ಹುಡುಗಿಯ ಮದುವೆಯ ವಿಡಿಯೋ ತೆಗೆದಿದ್ದೆವು. ಅರಿಶಿನ ಹಚ್ಚುವಾಗ ಆಕೆಯ ತಾಯಿ ಶಾಂತವ್ವ ಸೋಬಾನದ ಹಾಡು ಹೇಳಿದ್ದರು. ಸುತ್ತಲಿನ ಊರವರು ಅವರನ್ನು ಹಾಡಿಗೆಂದೇ ಕರೆಸಿಕೊಳ್ಳುತ್ತಿದ್ದರಂತೆ. ಮದುವೆಯಾದ ಸ್ವಲ್ಪ ದಿನಕ್ಕೆ ಅವರ ಗಂಟಲಲ್ಲಿ ಗಡ್ಡೆ ಇರುವುದು ಗೊತ್ತಾಗಿ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಆ ಸಂಕಟದಲ್ಲಿ ವಿಡಿಯೋದ ನೆನಪು ಅವರ ಮನೆಯಲ್ಲಿ ಯಾರಿಗೂ ಬರಲಿಲ್ಲ.

ಅಷ್ಟರಲ್ಲಿ ಒಂದು ಸಿಡಿಲಿಗೆ ನಮ್ಮ ಕಂಪ್ಯೂಟರ್ ಸುಟ್ಟಿತು. ವಿಡಿಯೋ ತುಂಬಿಕೊಳ್ಳಲು ಅದರಲ್ಲಿ ಹಾಕಿಸಿದ್ದ ಕಾರ್ಡೂ ಹೋಯಿತು, ಹಾರ್ಡ್ ಡಿಸ್ಕ್ ಮಾತ್ರ ಉಳಿಯಿತು. ಕಂಪ್ಯೂಟರಿಗೆ ತುಂಬಿಕೊಂಡ ಮೇಲೆ ಅದೇ ಕ್ಯಾಸೆಟ್ಟಿನಲ್ಲಿ ಮುಂದಿನ ಮದುವೆ ತೆಗೆಯುವುದು ಆಗ ಎಲ್ಲರ ರೂಢಿ. ಹೀಗಾಗಿ ಗಿರಿಜಾಳ ಮದುವೆ ಆ ಡಿಸ್ಕ್ ಬಿಟ್ಟರೆ ಬೇರೆಲ್ಲಿಯೂ ಇರಲಿಲ್ಲ.

ಒಂದು ದಿನ ಗಿರಿಜಾ ಫೋನ್ ಮಾಡಿದಳು. “ಅಕ್ಕಾರ, ಅವ್ವ ಹಾಡಿದ್ದು ಮದುವಿ ವಿಡಿಯೋದಾಗ ಐತೇನ್ರಿ?”

“ಐತವ್ವಾ, ಹೆಂಗರ ಮಾಡಿ ತಗಸಿ ಕೊಡತೇನಿ” ಎಂದೆ. ಒಳಗೆ ಧೈರ್ಯವಿರಲಿಲ್ಲ.

ಸವದತ್ತಿಯಲ್ಲಿ ನಮ್ಮ ಪರಿಚಯದ ರಫೀಕ್ ಅವರ ಸ್ಟುಡಿಯೋ ಇತ್ತು. ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ನಾನು ತಿಳಿಸಿದ್ದಂತೆ ಗಿರಿಜಾ ಆಗಲೇ ಅಲ್ಲಿಗೆ ಬಂದಿದ್ದಳು. ಪಕ್ಕದಲ್ಲಿ ಕೊರಳಿಗೆ ಬಿಳಿ ಬಟ್ಟೆ ಸುತ್ತಿಕೊಂಡ ಶಾಂತವ್ವ.

“ಬ್ಯಾಡ ಅಂದ್ರೂ ಬಂದಾಳ್ರಿ” ಎಂದಳು ಗಿರಿಜಾ, ಮೆಲ್ಲಗೆ.

ರಫೀಕ್ ನಮ್ಮ ಡಿಸ್ಕ್ ಜೋಡಿಸಿದರು. ಎಡಿಟಿಂಗಿನ ಪ್ರಾಜೆಕ್ಟ್ ತೆರೆಯಿತು. ನಾನು ಕತ್ತರಿಸಿ ಕೂಡಿಸಿದ್ದೆಲ್ಲ ಅಲ್ಲಲ್ಲಿಯೇ ಇತ್ತು. ನನಗೆ ಹೋದ ಜೀವ ಬಂದಂತಾಯಿತು. ಆದರೆ ಓಡಿಸಿದರೆ ಪರದೆಯೆಲ್ಲ ಕಪ್ಪು. ಆ ಕಪ್ಪಿನೊಳಗಿಂದ ಇದ್ದಕ್ಕಿದ್ದಂತೆ ಶಾಂತವ್ವನ ಹಾಡು ಬಂತು.

ಗಿರಿಜಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನನಗೆ ಏನು ಮಾಡಬೇಕೋ ತಿಳಿಯದೆ, ನಿಲ್ಲಿಸಲೆಂದು ಕೈ ಚಾಚಿದೆ. ಶಾಂತವ್ವ ನನ್ನ ಮಣಿಕಟ್ಟು ಹಿಡಿದುಬಿಟ್ಟರು. ಕಣ್ಣು ಮುಚ್ಚಿ ಹಾಡು ಮುಗಿಯುವ ತನಕ ಕೇಳಿದರು. ಆಮೇಲೆ ಬೆರಳೆತ್ತಿ, ಇನ್ನೊಮ್ಮೆ ಎಂದು ಸನ್ನೆ ಮಾಡಿದರು.

ಎರಡನೇ ಸಲ ಮುಗಿದಾಗ ರಫೀಕ್ ಅವರ ಕಣ್ಣುಗಳೂ ಒದ್ದೆಯಾಗಿದ್ದವು. “ನಿಮ್ಮ ಕಾರ್ಡು ಚಿತ್ರಾನ ತನ್ನದ ಬ್ಯಾರೆ ಫಾರ್ಮ್ಯಾಟಿನ್ಯಾಗ ಇಟ್ಟೈತ್ರಿ. ಅದು ನನ್ನ ಕಂಪ್ಯೂಟರಿಗೆ ತಿಳಿಯಂಗಿಲ್ಲ. ದನಿ ಸಾದಾ ಫಾರ್ಮ್ಯಾಟಿನ್ಯಾಗ ಐತಿ, ಅದಕ್ಕ ಅದೊಂದ ಬರಾಕತ್ತೈತಿ” ಎಂದರು. ಆಮೇಲೆ ಎದ್ದು ಅಂಗಡಿಯ ಶಟರ್ ಎಳೆದರು. “ರಾಮದುರ್ಗದಾಗ ನಮ್ಮ ದೋಸ್ತನ ಹತ್ರ ಇಂಥಾದ ಕಾರ್ಡ್ ಐತಿ. ನಡೀರಿ, ನಾನೂ ಬರತೇನಿ.”

ನಾಲ್ವರೂ ರಾಮದುರ್ಗದ ಬಸ್ಸು ಹತ್ತಿದೆವು. ಅಲ್ಲಿನ ಕಂಪ್ಯೂಟರಿನಲ್ಲಿ ಚಿತ್ರವೂ ಬಂತು. ಆದರೆ ಹಾಡಿನುದ್ದಕ್ಕೂ ಕ್ಯಾಮೆರಾ ಅರಿಶಿನ ಹಚ್ಚಿಸಿಕೊಳ್ಳುತ್ತಿದ್ದ ಗಿರಿಜಾಳ ಮೇಲೆಯೇ ಇತ್ತು. ಶಾಂತವ್ವನ ಮುಖ ಒಮ್ಮೆಯೂ ಕಾಣಲಿಲ್ಲ.

“ನಿಮ್ಮನ್ನ ತಗೀಬೇಕಿತ್ರಿ ಅವ್ವಾ” ಎಂದೆ. ಅವರು ತಲೆ ಅಲ್ಲಾಡಿಸಿದರು. ತಮ್ಮ ಕಣ್ಣು ತೋರಿಸಿ, ನಂತರ ಪರದೆಯ ಮೇಲಿದ್ದ ಮಗಳನ್ನು ತೋರಿಸಿದರು. ಹಾಡುವಾಗ ನಾನೂ ಇವಳನ್ನೇ ನೋಡುತ್ತಿದ್ದೆ ಎಂದು ಅದರ ಅರ್ಥ. ರಫೀಕ್ ಅವರ ದೋಸ್ತ ಎಲ್ಲವನ್ನೂ ಸಾದಾ ಫಾರ್ಮ್ಯಾಟಿಗೆ ಬದಲಿಸಿ ಸಿ.ಡಿ. ಮಾಡಿ ಕೊಟ್ಟರು.

ಕೆಲವು ವರ್ಷಗಳ ನಂತರ ಮುರಗೋಡಕ್ಕೆ ಹೋದಾಗ ಅವರ ಮನೆಗೆ ಹೋಗಿದ್ದೆ. ಗಿರಿಜಾಳ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಶಾಂತವ್ವ ಟಿವಿಗೆ ಬೆನ್ನು ಮಾಡಿ ಕೂತಿದ್ದರು. ಹಿಂದೆ ಆ ಸಿ.ಡಿ. ಓಡುತ್ತಿತ್ತು. ಹಾಡಿಗೆ ತಕ್ಕಂತೆ ಅವರ ತುಟಿಗಳು ಆಡುತ್ತಿದ್ದವು. ಕೂಸು ಅಜ್ಜಿಯ ಬಾಯನ್ನೇ ನೋಡುತ್ತ ನೋಡುತ್ತ ನಿದ್ದೆ ಹೋಯಿತು.

“ಅಜ್ಜಿನೇ ಹಾಡತಾಳ ಅಂತ ತಿಳಿದೈತ್ರಿ ಅದು” ಎಂದಳು ಗಿರಿಜಾ.

ನಾನು ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ಇಂದಿಗೂ ಯಾವ ಮದುವೆಯ ವಿಡಿಯೋ ಕೈಗೆ ಬಂದರೂ, ಹಿರಿಯರ ದನಿ ಎಲ್ಲೆಲ್ಲಿದೆ ಎಂದು ಹುಡುಕಿ ಬೇರೆ ತೆಗೆದಿಟ್ಟ ಮೇಲೆಯೇ ಉಳಿದ ಕೆಲಸಕ್ಕೆ ಕೈ ಹಾಕುತ್ತೇನೆ.