ಶುಕ್ರವಾರದ ಕ್ಯಾಸೆಟ್

"ನಿಮಗೆ ಅಳುವ ಹೀರೊ ಇಷ್ಟವಾ, ನಗುವ ಹೀರೊ ಇಷ್ಟವಾ?"

ಕೇರಳದ ಗಡಿಯ ಹೊಸಂಗಡಿಯಲ್ಲಿ ಬಾಡಿಗೆ ಮನೆ ನೋಡಲು ಹೋದ ದಿನ ಮಾಲಕರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು. ನಮ್ಮ ಗದುಗಿನಲ್ಲಿ ಮನೆ ಕೊಡುವವರು ಮೊದಲು ಜಾತಿ ಕೇಳುತ್ತಾರೆ, ಆಮೇಲೆ ಮನೆಯಲ್ಲಿ ಎಷ್ಟು ಜನ ಎಂದು ಕೇಳುತ್ತಾರೆ. ಅದಕ್ಕೆಲ್ಲ ಉತ್ತರ ಸಿದ್ಧ ಮಾಡಿಕೊಂಡು ಬಂದಿದ್ದೆ. ಮೂವತ್ತನಾಲ್ಕು ವರ್ಷದ ಒಂಟಿ ಹೆಂಗಸಿಗೆ ಮನೆ ತೋರಿಸುತ್ತ ಹೀರೊ ವಿಷಯ ಎತ್ತುವ ಗಂಡಸಿನ ಬಗ್ಗೆ ನೀವಾಗಿದ್ದರೆ ಏನು ಅಂದುಕೊಳ್ಳುತ್ತಿದ್ದಿರೋ, ನಾನೂ ಅದನ್ನೇ ಅಂದುಕೊಂಡೆ.

"ಹಳೆ ಹಿಂದಿ ಸಿನಿಮಾದ್ದು ಕೇಳುದು ಟೀಚರ್. ನೀವು ಹಿಂದಿ ಟೀಚರಲ್ವಾ, ಹಾಗೆ ಕೇಳಿದೆ" ಎಂದು ಅವರೇ ಸೇರಿಸಿದರು.

"ಅಳುವವನು" ಎಂದೆ. ಸತ್ಯ ಅದೇ ಆಗಿತ್ತು. ಗದುಗಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ನನ್ನಪ್ಪ ರೇಡಿಯೊ ಹಚ್ಚದೆ ಮಿಷನ್ನಿಗೆ ದಾರ ಪೋಣಿಸಿದವನಲ್ಲ. ದುಃಖದ ಹಾಡು ಬಂದರೆ ಪೆಡಲ್ ಮೇಲಿನ ಅವನ ಕಾಲು ತಾನಾಗಿ ನಿಧಾನವಾಗುತ್ತಿತ್ತು.

"ಹಾಗಾದ್ರೆ ತೊಂದರೆ ಇಲ್ಲ" ಎಂದು ಅವರು ಕೀ ಕೊಟ್ಟರು. ಏನು ತೊಂದರೆ, ಯಾರಿಗೆ ತೊಂದರೆ ಎಂದು ಹೇಳಲಿಲ್ಲ. ಅಂದು ಸಂಜೆ ಎಲ್ಲ ಬಾಗಿಲುಗಳ ಚಿಲಕವನ್ನೂ ಎರಡೆರಡು ಸಲ ಎಳೆದು ನೋಡಿದೆ.

ಅಪ್ಪ ತೀರಿಹೋದ ಮರುವರ್ಷ ನಾನು ಇಲ್ಲಿಯ ಶಾಲೆಯ ಕೆಲಸಕ್ಕೆ ಬಂದದ್ದು. ಮೊಬೈಲು ಬಂದಿತ್ತು, ಕ್ಯಾಸೆಟ್ಟು ಇನ್ನೂ ಪೂರ್ತಿ ಸತ್ತಿರಲಿಲ್ಲ, ಅಂಥ ಕಾಲ. ಹೆದ್ದಾರಿಯಿಂದ ಹತ್ತು ನಿಮಿಷ ಒಳಗೆ ನಡೆದರೆ ಮಾಲಕರಾದ ಸಂಜೀವಣ್ಣ, ಲೀಲಕ್ಕ ದಂಪತಿಯ ಹಂಚಿನ ಮನೆ. ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದರು. ಒಂದು ಕಡೆ ಅವರು, ಇನ್ನೊಂದು ಕಡೆ ನಾನು. ಗೋಡೆ ಮೇಲಿನ ಹಂಚಿನವರೆಗೆ ಮುಟ್ಟುತ್ತಿರಲಿಲ್ಲ. ಅವರ ಸಾರಿನ ಒಗ್ಗರಣೆಗೆ ನಾನು ಸೀನುತ್ತಿದ್ದೆ, ನನ್ನ ಸೀನಿಗೆ ಲೀಲಕ್ಕ ಆ ಕಡೆಯಿಂದ "ಶೀತವಾ ಟೀಚರ್?" ಎಂದು ಕೇಳುತ್ತಿದ್ದರು.

ಅನುಮಾನ ನನ್ನ ಹುಟ್ಟುಗುಣ. ಹೊಸ ಊರು ಅದಕ್ಕೆ ಚೆನ್ನಾಗಿ ನೀರು ಗೊಬ್ಬರ ಹಾಕಿತು. ಬಸ್ಸಿನ ಬೋರ್ಡು ಮಲಯಾಳದಲ್ಲಿ, ಕಂಡಕ್ಟರನ ಬೈಗುಳ ಕನ್ನಡದಲ್ಲಿ, ಅಕ್ಕಪಕ್ಕದವರ ಗುಟ್ಟು ತುಳುವಿನಲ್ಲಿ. ನಾನು ಹತ್ತಿರ ಹೋದ ಕೂಡಲೇ ಹೆಂಗಸರು ತುಳುವಿನಿಂದ ಕನ್ನಡಕ್ಕೆ ಬರುತ್ತಿದ್ದರು. ಅದು ಮರ್ಯಾದೆ ಎಂದು ಈಗ ಗೊತ್ತು. ಆಗ, ಇಷ್ಟು ಹೊತ್ತು ನನ್ನ ಬಗ್ಗೆಯೇ ಆಡಿಕೊಳ್ಳುತ್ತಿದ್ದರು ಎಂದು ಖಾತ್ರಿಯಿತ್ತು. ಜೋಳದ ಹಿಟ್ಟು ಕೇಳಿದರೆ ಅಂಗಡಿಯವನು "ಕೋಳಿಗೆ ಹಾಕ್ಲಿಕ್ಕಾ?" ಎಂದ. ರೊಟ್ಟಿ ಬಡಿದು ಉಣ್ಣುವ ನಾಲಿಗೆಗೆ ಕೆಂಪು ಕುಚ್ಚಲಕ್ಕಿಯ ಗಂಜಿ ಇಳಿಯಲು ಆರು ತಿಂಗಳು ಬೇಕಾಯಿತು.

ಎಲ್ಲಕ್ಕಿಂತ ಹೆಚ್ಚು ಅನುಮಾನ ಹುಟ್ಟಿಸಿದ್ದು "ಒಣಸ್ ಆಂಡಾ?" ಎಂಬ ಪ್ರಶ್ನೆ. ಊಟ ಆಯಿತೇ ಎಂದು ಅರ್ಥ. ಹಾಲಿನವಳು ಕೇಳುತ್ತಾಳೆ, ರಿಕ್ಷಾದವನು ಕೇಳುತ್ತಾನೆ, ಹೆಸರು ಗೊತ್ತಿಲ್ಲದ ಅಜ್ಜಿ ದಾರಿಯಲ್ಲಿ ನಿಲ್ಲಿಸಿ ಕೇಳುತ್ತಾಳೆ. ನಮ್ಮ ಕಡೆ ಊಟದ ಮಾತು ಎತ್ತಿದರೆ ಉಣ್ಣಲು ಕೂರಿಸಿಯೇ ಬಿಡುತ್ತೇವೆ. ಇವರು ಕೇಳಿ, ಉತ್ತರ ಪಡೆದು, ಮುಂದೆ ನಡೆಯುತ್ತಾರೆ. ನಾನು ಉಂಡೆನೋ ಇಲ್ಲವೋ ಎಂಬ ಲೆಕ್ಕ ಇವರಿಗೆ ಯಾಕೆ ಬೇಕು ಎಂದು ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ.

ಮನೆಯ ಮುಂದಿನ ಕೋಣೆಯಲ್ಲಿ ಕರ್ನಾಟಕದ ಟವರು ಸಿಗುತ್ತಿತ್ತು, ಅಡುಗೆ ಕೋಣೆಗೆ ಹೋದರೆ ಕೇರಳದ್ದು, ನಡುವೆ ಯಾವುದೂ ಇಲ್ಲ. ಭಾನುವಾರ ಮಧ್ಯಾಹ್ನ ಅವ್ವನ ಫೋನು. ಅವಳು ಅಣ್ಣನ ಸಂಸಾರದ ಜೊತೆ ಇದ್ದಾಳೆ. ಮೊಮ್ಮಕ್ಕಳ ಸುದ್ದಿ ಹೇಳಿ, ನೀರಿನ ಸುದ್ದಿ ಹೇಳಿ, ಕೊನೆಗೆ ಅಲ್ಲಿಗೇ ಬರುತ್ತಿದ್ದಳು: "ಈ ವರ್ಷ ಮುಗಿಸಿ ಬಂದುಬಿಡವಾ. ಇಲ್ಲೂ ಸಾಲಿ ಅದಾವಲ್ಲ."

ನಾನು ನಡುಕೋಣೆಗೆ ಎರಡು ಹೆಜ್ಜೆ ಇಡುತ್ತಿದ್ದೆ. "ಹಲೋ, ಹಲೋ, ಕೇಳಸವಲ್ದವ್ವ." ಕರೆ ತಾನಾಗಿ ಕಡಿದುಹೋಗುತ್ತಿತ್ತು. ಹೊಸ ಊರಲ್ಲಿ ನಾನು ಕಲಿತ ಮೊದಲ ಅನುಕೂಲ ಅದು.

ಇನ್ನು ಶುಕ್ರವಾರ. ಕೇರಳದ ಶಾಲೆಗಳಿಗೆ ಶುಕ್ರವಾರ ಮಧ್ಯಾಹ್ನ ನಮಾಜಿಗೆಂದು ದೀರ್ಘ ಬಿಡುವು. ಊಟಕ್ಕೆ ಮನೆಗೆ ಬರುತ್ತಿದ್ದೆ. ಸಂಜೀವಣ್ಣ ಇಪ್ಪತ್ತೆರಡು ವರ್ಷ ಗಲ್ಫಿನಲ್ಲಿ ಎಸಿ ಮೆಕ್ಯಾನಿಕ್ ಆಗಿದ್ದವರು. ಅಲ್ಲಿಯ ರಜೆ ಶುಕ್ರವಾರ. ಊರಿಗೆ ಬಂದು ನೆಲೆಸಿ ಆರೇಳು ವರ್ಷವಾದರೂ ಅವರ ದೇಹಕ್ಕೆ ಅದೇ ರಜೆ. ಹನ್ನೆರಡೂವರೆಗೆ ಮಿಂದು, ಬಿಳಿ ಅಂಗಿ ಹಾಕಿ, ತಮ್ಮ ಕೋಣೆಯ ಬಾಗಿಲು ಮುಚ್ಚಿಕೊಂಡು ಟೇಪ್‌ರೆಕಾರ್ಡರ್ ಹಾಕುತ್ತಿದ್ದರು. ಹಳೆ ಹಿಂದಿ ಹಾಡು, ಎಲ್ಲವೂ ಅಳುವ ಹೀರೊನವು. ಹಿಂದಿನ ಬಾಡಿಗೆಯವರು ಶುಕ್ರವಾರದ ಈ ಶೋಕಕ್ಕೆ ಬೇಸತ್ತು ಮನೆ ಬಿಟ್ಟಿದ್ದರಂತೆ. ಮೊದಲ ದಿನದ ಪ್ರಶ್ನೆಯ ಗುಟ್ಟು ಹಾಗೆ ಬಯಲಾಯಿತು, ನನಗೆ ಸ್ವಲ್ಪ ನಾಚಿಕೆಯೂ ಆಯಿತು.

ಆಮೇಲೆ ಸಂಜೆಯ ಹೊತ್ತು ಜಗಲಿಯಲ್ಲಿ ಕೂತು ನಾವಿಬ್ಬರೂ ವಾದ ಮಾಡುವುದು ಶುರುವಾಯಿತು. ದುಃಖ ಇರುವುದು ಧಾಟಿಯಲ್ಲಿ, ನಟನಿಗೆ ಅದರಲ್ಲಿ ಪಾಲಿಲ್ಲ ಎಂಬುದು ರೇಡಿಯೊ ಮನುಷ್ಯನಾದ ನನ್ನಪ್ಪನ ಮತ. ಮುಖವೇ ಕಾಣದೆ ಅವನು ಅಷ್ಟು ವರ್ಷ ಕಣ್ಣು ಒರೆಸಿಕೊಂಡಿದ್ದನಲ್ಲ. ಸಂಜೀವಣ್ಣ ಒಪ್ಪುತ್ತಿರಲಿಲ್ಲ.

"ಬಾಯಿ ಆಡಿಸುದು ಯಾರಿಗೂ ಬರ್ತದೆ ಟೀಚರ್. ಬೇರೆಯವರು ಹಾಡುವಾಗ ಹೀರೊ ಎಂತ ಮಾಡ್ತಾನೆ ನೋಡಿ. ಕೆಟ್ಟವನು ಕಣ್ಣೀರು ಸುರಿಸ್ತಾನೆ. ಒಳ್ಳೆಯವನು ಕೇಳ್ತಾನೆ, ಅಷ್ಟೇ. ಒಮ್ಮೆ ಉಗುಳು ನುಂಗ್ತಾನೆ, ಮತ್ತೆ ಮುಖ ಆಚೆ ತಿರುಗಿಸ್ತಾನೆ. ಹಳಬರಿಗೆ ಅದು ಗೊತ್ತುಂಟು."

ಅವರು ಹೇಳಿದ ಮೇಲೆ ಟಿವಿಯಲ್ಲಿ ಹಳೆ ಸಿನಿಮಾ ಬಂದಾಗಲೆಲ್ಲ ನಟರ ಗಂಟಲು ನೋಡತೊಡಗಿದೆ. ನಿಜವಿತ್ತು. ಪಿಯಾನೊ ಬಳಿ ನಾಯಕಿ ಹಾಡುತ್ತಿದ್ದರೆ ಕಂಬದ ಪಕ್ಕ ನಿಂತ ನಾಯಕ ಏನೂ ಮಾಡುತ್ತಿರಲಿಲ್ಲ, ಆ ಏನೂ ಮಾಡದ್ದೇ ನನ್ನನ್ನು ಅಳಿಸುತ್ತಿತ್ತು. ಅಪ್ಪನಿಗೆ ಇದನ್ನು ಹೇಳಲಾಗಲಿಲ್ಲ ಎಂದು ಆಗ ತುಂಬ ದುಃಖವಾಯಿತು.

ಆದರೆ ನನ್ನ ಕಿವಿ ಅಪ್ಪನದೇ. ಒಂದು ಶುಕ್ರವಾರ ಗಂಜಿ ಉಣ್ಣುತ್ತಿದ್ದಾಗ ಗೋಡೆಯ ಮೇಲಿನಿಂದ ಬರುತ್ತಿದ್ದ ಹಾಡು ಎರಡನೇ ಚರಣದ ನಡುವೆ ಪಟ್ಟೆಂದು ಕಡಿಯಿತು. ಸಣ್ಣಗೆ ಒಂದು ಹೆಣ್ಣು ಧ್ವನಿ, ಮಾತು, ಹಾಡಲ್ಲ. ಸುಮಾರು ಹೊತ್ತಿನ ಮೇಲೆ ಬೇರೆಯದೇ ಹಾಡು, ಅದೂ ಅರ್ಧದಿಂದ. ಮುಂದಿನ ಶುಕ್ರವಾರ ಕಾದು ಕೇಳಿದೆ. ಅದೇ ಜಾಗದಲ್ಲಿ ಅದೇ ಧ್ವನಿ. ಇಪ್ಪತ್ತೆರಡು ವರ್ಷ ಒಬ್ಬರೇ ಪರದೇಶದಲ್ಲಿದ್ದ ಗಂಡಸು, ಮುಚ್ಚಿದ ಬಾಗಿಲು, ಒಂದು ಹೆಣ್ಣಿನ ದನಿ. ನನಗೆ ಇನ್ನೇನು ಬೇಕು?

ಲೀಲಕ್ಕನ ಮೇಲೆ ಮರುಕ ಹುಟ್ಟಿತು. ಅದೇ ಹೊತ್ತಿಗೆ ಅವರು ಹಿಂದಿನ ಮೆಟ್ಟಿಲಲ್ಲಿ, ಸರಿಯಾಗಿ ಆ ಕೋಣೆಯ ಕಿಟಕಿಯ ಕೆಳಗೆ, ಗೆರಸೆ ಹಿಡಿದು ಅಕ್ಕಿಯ ಕಲ್ಲು ಆರಿಸುತ್ತ ಕೂತಿರುತ್ತಿದ್ದರು. ಅಂಗಡಿಯ ಅಕ್ಕಿಯಲ್ಲಿ ಕಲ್ಲು ಎಲ್ಲಿಂದ ಬರಬೇಕು ಎಂದು ಆಗ ನನಗೆ ಹೊಳೆಯಲಿಲ್ಲ. ಒಂದು ದಿನ ತಡೆಯಲಾರದೆ, "ಲೀಲಕ್ಕ, ಆ ಕ್ಯಾಸೆಟ್ಟಿನಲ್ಲಿ ಯಾರೋ ಹೆಂಗಸು ಮಾತಾಡ್ತಾರಲ್ಲ" ಎಂದೆ.

"ಸಿನಿಮಾದ ಡೈಲಾಗ್ ಇರ್ಬೇಕು" ಎಂದು ಅವರು ಗೆರಸೆ ಅಲ್ಲಾಡಿಸಿದರು. "ಅದು ಇರ್ಲಿ, ನಿಮ್ಮದು ಒಣಸ್ ಆಂಡಾ?"

"ಅದು ಇರ್ಲಿ" ಲೀಲಕ್ಕನ ಮಾತಿನ ಚಾಳಿ. ಪ್ರತಿ ಹೊಸ ವಿಷಯಕ್ಕೂ ಅದೇ ಮುನ್ನುಡಿ. ಆದರೆ ಆ ದಿನ ಅವರು ಮಾತು ತಪ್ಪಿಸಿದರು ಎಂದು ನನಗೆ ಗಟ್ಟಿಯಾಗಿ ಅನಿಸಿತು.

ಇಲ್ಲಿ ಒಂದು ಪದ್ಧತಿ ಹೇಳಬೇಕು, ನಮ್ಮ ಕಡೆಯವರಿಗೆ ಗೊತ್ತಿರಲಿಕ್ಕಿಲ್ಲ. ಫೋನು ದುಬಾರಿಯಾಗಿದ್ದ ಕಾಲದಲ್ಲಿ ಗಲ್ಫಿನವರೂ ಊರಿನವರೂ ಕಾಗದದ ಬದಲು ಕ್ಯಾಸೆಟ್ಟು ಕಳಿಸುತ್ತಿದ್ದರಂತೆ. ರಜೆಗೆ ಬಂದು ಹೋಗುವವರ ಕೈಯಲ್ಲಿ ಉಪ್ಪಿನಕಾಯಿಯ ಜೊತೆ ಅದೂ ಹೋಗುತ್ತಿತ್ತು. ಖಾಲಿ ಕ್ಯಾಸೆಟ್ಟು ಸಿಗದಿದ್ದರೆ ಹಾಡಿನ ಕ್ಯಾಸೆಟ್ಟೇ ಸೈ. ಅದರ ಬೆನ್ನಿನ ತೂತಿಗೆ ಕಾಗದ ತುರುಕಿ, ಕೆಂಪು ಬಟನ್ ಒತ್ತಿ ಮಾತಾಡಿದರೆ ಹಾಡು ಅಳಿಸಿ ಮಾತು ಕೂರುತ್ತದೆ. ಇದು ನನಗೆ ತಿಳಿದದ್ದು ಸಂಜೀವಣ್ಣನ ಹಳೆಯ ತಮಾಷೆಯೊಂದರಿಂದ. ನೆಂಟರು ಬಂದಾಗಲೆಲ್ಲ ಅದನ್ನು ಹೇಳುತ್ತಿದ್ದರು.

"ಇವಳು ಒಮ್ಮೆ ಕ್ಯಾಸೆಟ್ ಕಳಿಸಿದ್ಳು ಮಾರಾಯ್ರೆ, ನಾನು ಹೋಗಿ ಹನ್ನೊಂದು ವರ್ಷ ಆದಾಗ. ಅರ್ಧ ಗಂಟೆ ಮಾತಾಡಿದ್ದಾಳಂತೆ. ಹಾಕಿ ನೋಡಿದ್ರೆ ಬರೀ ಹಾಡು. ಕೆಂಪು ಬಟನ್ ಒತ್ಲೇ ಇಲ್ಲ, ಇವಳು ಮಾತಾಡಿದ್ದು ಗೋಡೆ ಹತ್ರ."

ಎಲ್ಲರೂ ನಗುತ್ತಿದ್ದರು. ಲೀಲಕ್ಕನೂ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು.

ಮಳೆಗಾಲದ ಒಂದು ಶುಕ್ರವಾರ ಶಾಲೆಯಿಂದ ಬಂದಾಗ ನನ್ನ ಕೀ ಒಳಗೇ ಉಳಿದಿತ್ತು. ಲೀಲಕ್ಕನಲ್ಲಿದ್ದ ಇನ್ನೊಂದು ಕೀ ಕೇಳಲು ಅವರ ಜಗಲಿ ಹತ್ತಿದೆ. ಸೆಕೆಗೋ ಏನೋ, ಸಂಜೀವಣ್ಣನ ಕೋಣೆಯ ಬಾಗಿಲು ಅಂದು ಅರ್ಧ ತೆರೆದಿತ್ತು. ಅವರು ನನ್ನ ಕಡೆ ನೋಡಲಿಲ್ಲ. ಹಾಡು ಕಡಿಯಿತು, ಹೆಂಗಸು ಮಾತಾಡಿದಳು. ಆಗ ನನ್ನ ತುಳು ಅಷ್ಟಿಷ್ಟು ಬೆಳೆದಿತ್ತು. ದನ ಕರು ಹಾಕಿದ್ದು, ಬಾವಿಗೆ ಕಟ್ಟೆ ಕಟ್ಟಿಸಿದ್ದು, ಹೀಗೆ ಏನೇನೋ ವರದಿ. ಪ್ರತಿ ವರದಿಯ ನಡುವೆ "ಅವು ಇಪ್ಪಡ್" ಎನ್ನುತ್ತಿತ್ತು ಆ ಧ್ವನಿ. ಅದು ಇರಲಿ ಎಂದು ಅರ್ಥ. ಆ ಚಾಳಿ ಲೀಲಕ್ಕನದು.

ಕೊನೆಗೆ ಧ್ವನಿ ಸಣ್ಣದಾಯಿತು. ಈ ಸಲ ಲೀವಿಗೆ ಬಂದವರು "ಪಿರ ಪೋವೊಡ್ಚಿ" ಎಂದಿತು. ಹಿಂದೆ ಹೋಗುವುದು ಬೇಡ. ಇದ್ದದ್ದರಲ್ಲಿ ಹೇಗಾದರೂ ಬದುಕುವ, ನನಗೆ ಒಬ್ಬಳಿಗೆ ಆಗುವುದಿಲ್ಲ. ಆಮೇಲೆ ಟಕ್ ಎಂಬ ಶಬ್ದ, ಮತ್ತೆ ಹಾಡು. ಕುರ್ಚಿಯಲ್ಲಿ ಕೂತಿದ್ದ ಸಂಜೀವಣ್ಣ ಒಮ್ಮೆ ಉಗುಳು ನುಂಗಿದರು. ಮುಖ ಕಿಟಕಿಯ ಕಡೆ ತಿರುಗಿಸಿದರು.

ಕೀ ಕೇಳದೆ ಇಳಿದು ಬಂದೆ. ಸಿಟ್ಟು ಬಂದಿತ್ತು. ಹೆಂಡತಿಯ ಮಾತು ತಲುಪಿತ್ತು. ಕೇಳಿಯೂ ಕೇಳಲಿಲ್ಲ ಎಂದು ಹೇಳಿ, ಈ ಮನುಷ್ಯ ಮತ್ತೆ ಹನ್ನೊಂದು ವರ್ಷ ಅಲ್ಲೇ ಉಳಿದಿದ್ದ. ಮೇಲಿನಿಂದ ಆಕೆಗೆ ಬಟನ್ ಒತ್ತಲು ಬಾರದು ಎಂಬ ತಮಾಷೆ ಬೇರೆ.

ಹೊಸಕ್ಕಿ ಊಟದ ದಿನ ಲೀಲಕ್ಕನ ಅಣ್ಣನ ಮನೆಯವರು ಬಂದಿದ್ದರು, ನನ್ನನ್ನೂ ಕರೆದಿದ್ದರು. ಪಾಯಸದ ಹೊತ್ತಿಗೆ ಸಂಜೀವಣ್ಣ ಅದೇ ತಮಾಷೆ ತೆಗೆದರು. "ಇವಳು ಒಮ್ಮೆ ಕ್ಯಾಸೆಟ್..."

"ಸಂಜೀವಣ್ಣ, ಬಟನ್..." ಎಂದು ನಾನು ಬಾಯಿ ತೆರೆದೆ.

ಲೀಲಕ್ಕ ನನ್ನ ಎಲೆಗೆ ಒಂದು ದೊಡ್ಡ ಸೌಟು ಪಾಯಸ ಸುರಿದರು. "ಉಣ್ಣಿ ಟೀಚರ್" ಎಂದರು. ನನ್ನ ಬದುಕಿನಲ್ಲಿ ಯಾರೂ ಅಷ್ಟು ಗಟ್ಟಿಯಾಗಿ ಉಣ್ಣು ಎಂದಿಲ್ಲ. ಸಂಜೀವಣ್ಣ ತಮಾಷೆ ಮುಗಿಸಿದರು, ಎಲ್ಲರೂ ನಕ್ಕರು.

ಕೈ ತೊಳೆಯಲು ಹಿಂದೆ ಹೋದಾಗ ಲೀಲಕ್ಕ ಬಂದು ಪಕ್ಕದಲ್ಲಿ ನಿಂತರು.

"ನನಗೆ ಗೊತ್ತುಂಟು ಟೀಚರ್. ಅವರು ಊರಿಗೆ ಬಂದ ವರ್ಷವೇ ಗೊತ್ತಾಯ್ತು. ಈ ಮೆಟ್ಟಿಲಲ್ಲಿ ಕೂತ್ರೆ ಎಲ್ಲ ಕೇಳ್ತದೆ."

"ಮತ್ತೆ ಯಾಕೆ ಸುಮ್ಮನಿದ್ದೀರಿ?"

"ಆಗ ಅವರ ಪಾಸ್‌ಪೋರ್ಟ್ ಕಂಪೆನಿಯವರ ಹತ್ರ ಇತ್ತು. ಬಿಟ್ಟು ಬರ್ಲಿಕ್ಕೆ ಆಗ್ತಿರ್ಲಿಲ್ಲವೋ, ಮನಸ್ಸಿರ್ಲಿಲ್ಲವೋ, ನಾನು ಕೇಳ್ಲಿಲ್ಲ. ಕೇಳುವ ಧೈರ್ಯ ಆ ಕ್ಯಾಸೆಟಿಗೇ ಮುಗ್ದಿತ್ತು." ಅವರು ಬಿಂದಿಗೆಯಿಂದ ನನ್ನ ಕೈಗೆ ನೀರು ಹಾಕಿದರು. "ನನಗೆ ಗೊತ್ತುಂಟು ಅಂತ ಗೊತ್ತಾದ್ರೆ ಅವರು ಮತ್ತೆ ಅದನ್ನು ಹಾಕ್ಲಿಕ್ಕಿಲ್ಲ. ಹಾಕ್ಲಿ. ನಾನು ಕರೆದದ್ದನ್ನು ವಾರಕ್ಕೊಮ್ಮೆ ಕೇಳ್ತಾರಲ್ಲ."

ಕಲ್ಲಿಲ್ಲದ ಅಕ್ಕಿಯ ಗೆರಸೆ ಅಲ್ಲೇ ಮೆಟ್ಟಿಲ ಮೇಲಿತ್ತು. ಎಲ್ಲರನ್ನೂ ಅನುಮಾನಿಸಿದ ನಾನು ಈ ಹೆಂಗಸನ್ನು ಮಾತ್ರ ಅನುಮಾನಿಸಿರಲಿಲ್ಲ.

ಆ ಭಾನುವಾರ ಅವ್ವನ ಫೋನು ಬಂತು. ಮೊಮ್ಮಕ್ಕಳ ಸುದ್ದಿ, ನೀರಿನ ಸುದ್ದಿ. ಆಮೇಲೆ, "ಈ ವರ್ಷ ಮುಗಿಸಿ ಬಂದುಬಿಡವಾ."

ನನ್ನ ಕಾಲು ರೂಢಿಯಂತೆ ನಡುಕೋಣೆಯ ಕಡೆ ಎದ್ದಿತ್ತು. ಹೊಸ್ತಿಲಲ್ಲಿ ನಿಂತೆ. ಗೋಡೆಯ ಆಚೆ ಲೀಲಕ್ಕ ತೆಂಗಿನಕಾಯಿ ತುರಿಯುವ ಸದ್ದು. ಗದುಗಿನ ಮನೆಯಲ್ಲಿ ಅಣ್ಣನ ಹೆಂಡತಿಯ ಕುಕ್ಕರು ಕೂಗಿದ್ದು ಫೋನಿನಲ್ಲಿ ಕೇಳಿಸಿತು.

"ಹಲೋ" ಎಂದಳು ಅವ್ವ. "ಕೇಳಸವಲ್ದೇನ?"

"ಕೇಳಸ್ತೈತವ್ವ. ಹೋದ ಸಲನೂ ಕೇಳಿಸಿತ್ತು. ಪ್ರತಿ ಸಲನೂ ಕೇಳಿಸಿತ್ತು. ನನಗ ಇಲ್ಲೇ ಇರಬೇಕನಸೈತಿ."

ಕರೆ ಕಡಿಯಿತೇ ಎಂದು ಫೋನು ನೋಡಿಕೊಂಡೆ. ಕಡಿದಿರಲಿಲ್ಲ, ಟವರು ಪೂರ್ತಿ ಇತ್ತು. ನಾನು ಇನ್ನೊಂದು ಮಾತು ಹೇಳಿದರೆ ಅಳುತ್ತೇನೆಂದು ಹೆದರಿ ಉಗುಳು ನುಂಗಿದೆ. ಹೋಗಿ ಅವಳ ತೊಡೆಯ ಮೇಲೆ ತಲೆ ಇಡಬೇಕೆಂದು ಆ ಕ್ಷಣಕ್ಕೆ ಅನಿಸಿದಷ್ಟು ಹಿಂದೆಂದೂ ಅನಿಸಿರಲಿಲ್ಲ.

"ಊಟ ಆತೇನವಾ?" ಎಂದಳು ಅವ್ವ.

"ಇನ್ನೂ ಇಲ್ಲವ್ವ" ಎಂದೆ.