ಕೆಂಪಯ್ಯ ಆರಿಸಿದ ಕರ್ಪೂರ

ಸಿದ್ದರಾಜು, ನಿನ್ನ ತಮ್ಮ ಕೆಂಪಯ್ಯ ಡೀಸೆಲ್‌ಗೆ ಸೀಮೆಎಣ್ಣೆ ಬೆರೆಸಿರಲಿಲ್ಲ. ನಿನ್ನ ಟೆಂಪೋ ಇಂಜಿನ್ ಹಾಳು ಮಾಡಿದವನು ನಾನು. ಇಷ್ಟು ಹೇಳುವುದಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು, ಅದೂ ಅವನು ಮಣ್ಣು ಸೇರಿದ ಮೇಲೆ — ಥೂ, ನನ್ನ ಜನ್ಮಕ್ಕಿಷ್ಟು.

ಆಗ ಬಿಡದಿ ಕಡೆ ಫ್ಯಾಕ್ಟರಿಗಳು ಏಳುತ್ತಿದ್ದ ಕಾಲ. ರಸ್ತೆ ತುಂಬ ಗಾಡಿ. ರಾಮನಗರದ ನನ್ನ ಅಂಗಡಿಯಲ್ಲಿ ಇಂಜೆಕ್ಟರ್ ತೊಳೆದು ಟೆಸ್ಟ್ ಮಾಡಿಸಿಕೊಳ್ಳಲು ಜನ ಬೆಳಿಗ್ಗೆಯೇ ಬಂದು ಕೂರುತ್ತಿದ್ದರು. ನೀನು ಗಾಡಿ ಓಡಿಸುವವನು, ನಿನಗೆ ಬಿಡಿಸಿ ಹೇಳಬೇಕಿಲ್ಲ. ಆದರೂ ಎಲ್ಲ ಹೇಳಿಬಿಡುತ್ತೇನೆ. ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿನ ಮೂತಿಯೊಳಗೆ ಒಂದು ಸೂಜಿ ಇರುತ್ತದೆ. ಯಾವ ಮೂತಿಗೆ ಯಾವ ಸೂಜಿಯೋ ಅದಕ್ಕೆ ಅದೇ. ಬೇರೆಯದು ಹಾಕಿದರೆ ಕೂತ ಹಾಗೆ ಕಾಣುತ್ತದೆ, ಸರಿಯಾಗಿ ಕೂರುವುದಿಲ್ಲ. ಅದಕ್ಕೇ ಒಂದೊಂದನ್ನೂ ಬೇರೆ ಬಟ್ಟಲಲ್ಲಿಟ್ಟು ತೊಳೆಯಬೇಕು.

ನಾನು ಅವತ್ತು ಹಾಗೆ ತೊಳೆಯಲಿಲ್ಲ. ನಿನ್ನ ಗಾಡಿಯದೂ ಇನ್ಯಾರದೋ ಮ್ಯಾಕ್ಸಿಕ್ಯಾಬಿನದೂ ಸೂಜಿಗಳನ್ನೆಲ್ಲ ಒಂದೇ ತಟ್ಟೆ ಸೀಮೆಎಣ್ಣೆಗೆ ಸುರಿದೆ. ರೇಷ್ಮೆ ಗೂಡಿನ ಮಾರ್ಕೆಟ್ಟಿಗೆ ಹೊತ್ತಾಯ್ತು ಅಂತ ನೀನು ಬಾಗಿಲಲ್ಲೇ ನಿಂತಿದ್ದೆ. ನಾನು ಅಂದಾಜಿನ ಮೇಲೆ ಜೋಡಿಸಿದೆ. ಟೆಸ್ಟ್ ಮಾಡುವಾಗ ಎಲ್ಲ ಮಂಜಿನ ಹಾಗೆ ಚಿಮ್ಮಿದವು. ಒಂದು ಮಾತ್ರ ಕೊನೆಯಲ್ಲಿ ಹನಿ ಬಿಟ್ಟಿತು. ಬಟ್ಟೆಯಲ್ಲಿ ಒರೆಸಿ, ಟೆಸ್ಟ್ ಬೆಂಚಿನ ಹ್ಯಾಂಡಲ್ಲನ್ನು ಜೋರಾಗಿ ಒತ್ತಿದೆ. ಜೋರಾಗಿ ಒತ್ತಿದರೆ ಹನಿ ಕಾಣುವುದಿಲ್ಲ — ಅದು ನನಗೆ ಗೊತ್ತಿತ್ತು.

ಗಾಡಿ ಕೆಟ್ಟು ನಿಂತಾಗ ಇಂಜಿನ್ ಬಿಚ್ಚಿದರು. ಪಿಸ್ಟನ್ ತಲೆ ಕರಗಿ ತೂತಾಗಿತ್ತು. ನೀನು ಇಂಜೆಕ್ಟರುಗಳನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ನನ್ನ ಹತ್ತಿರವೇ ಬಂದೆ. ನಾನು ಬೆಂಚಿಗೆ ಹಾಕಿ ಮೆಲ್ಲಗೆ ಒತ್ತಿದೆ. ಅದೇ ಮೂತಿ, ಪಿಸ್ಟನ್ ಸುಟ್ಟದ್ದು ಅದೇ ಹನಿ.

"ಏನಾಗೈತಣ್ಣ?" ಅಂದೆ ನೀನು.

"ಡೀಸೆಲ್ ಸರಿಯಿಲ್ಲ ಕಣಪ್ಪ. ಸೀಮೆಎಣ್ಣೆ ವಾಸ್ನೆ ಬತ್ತೈತೆ."

ವಾಸನೆ ನನ್ನ ತಟ್ಟೆಯದು, ಸಿದ್ದರಾಜು. ನನ್ನ ಅಂಗಡಿಯಲ್ಲಿ ಯಾವಾಗಲೂ ಇದ್ದದ್ದೇ. ಯಾವುದೋ ಬಂಕಿನ ಮೇಲೆ ಹೋಗುತ್ತದೆ, ಯಾರ ತಲೆಗೂ ಬರುವುದಿಲ್ಲ ಅಂದುಕೊಂಡಿದ್ದೆ. ಆ ವಾರವೆಲ್ಲ ಗಾಡಿ ಓಡಿಸಿದ್ದವನು ಕೆಂಪಯ್ಯ ಅನ್ನುವುದು ನನಗೆ ಗೊತ್ತಿರಲಿಲ್ಲ. ಡೀಸೆಲ್ ಕದ್ದು ಮಾರಿ ಸೀಮೆಎಣ್ಣೆ ಸುರಿದಿದ್ದಾನೆ ಅಂತ ನೀನು ಅಲ್ಲೇ ಹಲ್ಲು ಕಚ್ಚಿದೆ. ಆಗಲಾದರೂ ಬಾಯಿ ಬಿಡಬಹುದಿತ್ತು — ಬಿಡಲಿಲ್ಲ.

ನಿಮ್ಮ ಮನೆಯವರೆಲ್ಲ ಸೇರಿ ಕೆಂಗಲ್ ಆಂಜನೇಯನ ಮುಂದೆ ಅವನ ಕೈಲಿ ಆಣೆ ಇಡಿಸಿದಿರಿ. ಇಂಜಿನ್ ವಿಷಯ ತಿಳಿದವನು ಅಂತ ನನ್ನನ್ನೂ ಕರೆದಿರಿ. ಉರಿಯುವ ಕರ್ಪೂರವನ್ನು ಅಂಗೈಯಲ್ಲಿ ಹೊಡೆದು ಆರಿಸುವ ಮುಂಚೆ ಕೆಂಪಯ್ಯ ದೇವರನ್ನು ನೋಡಲಿಲ್ಲ, ನನ್ನನ್ನು ನೋಡಿದ. "ನೀನಾದ್ರೂ ಒಂದ್ಮಾತು ಹೇಳಣ್ಣ," ಅಂದ. ನಾನು ಚಪ್ಪಲಿ ಬಿಟ್ಟ ಕಡೆ ನೋಡುತ್ತಿದ್ದೆ. ತಾನು ಕದ್ದಿಲ್ಲ ಅಂತ ಅವನು ಕರ್ಪೂರ ಆರಿಸಿದ. ಆಣೆಗೂ ಹೆದರದ ಕಳ್ಳ ಅಂದಿರಿ ನೀವೆಲ್ಲ.

ಆಮೇಲಿನದು ನಿನಗೇ ಗೊತ್ತು. ಒಂದೇ ಮನೆಗೆ ಎರಡು ಬಾಗಿಲಾಯಿತು. ಅವನು ಫ್ಯಾಕ್ಟರಿ ಬಸ್ಸು ಓಡಿಸಿಕೊಂಡು ಬದುಕಿದ. ಅವನ ಮಗಳ ಮದುವೆಗೂ ನೀನು ಹೋಗಲಿಲ್ಲ. ಪ್ರತಿ ಸಲ ನಿಮ್ಮೂರ ದಾರಿಯ ಕೈಲಾಂಚದ ಬಸ್ಸು ಹತ್ತಿದಾಗಲೂ ಇವತ್ತು ಹೇಳಿಬಿಡುತ್ತೇನೆ ಅಂದುಕೊಳ್ಳುತ್ತಿದ್ದೆ. ನಿಮ್ಮ ಸ್ಟಾಪು ಬಂದರೆ ಇಳಿಯದೆ ಮುಂದಿನ ಸ್ಟಾಪಿಗೆ ಟಿಕೆಟ್ ತೆಗೆದುಕೊಳ್ಳುತ್ತಿದ್ದೆ.

ಅವನನ್ನು ಮಣ್ಣು ಮಾಡಿದ ಮಾರನೆಯ ದಿನ ನೀನು ಅಂಗಡಿಗೆ ಬಂದೆ. ಟೀ ಕುಡಿದು ಲೋಟ ಕೆಳಗಿಟ್ಟೆ. ಆಮೇಲೆ ಹೇಳಿದೆ: "ಮಣ್ಣು ಹಾಕೋವಾಗ, ಅವನ್ ಹೆಂಡ್ತಿ ಮುಂದೇನೇ ಅಂದೆ ಕಣಣ್ಣ. ಲೇ ಕೆಂಪ, ನೀ ಮಾಡಿದ್ನೆಲ್ಲ ಕ್ಷಮಿಸಿವ್ನಿ ಕಣ್ಲಾ, ಹೋಗು ಅಂತ. ಒಸಿ ಹಗುರಾಯ್ತು."

"ಒಳ್ಳೇದ್ ಮಾಡ್ದೆ ಬುಡು," ಅಂದೆ ನಾನು.

ಹಾಗಂದೆ ನಾನು — ಈ ಬಾಯಲ್ಲೇ. ಈಗ ನಿಜ ಹೇಳಿದರೆ ನಿನಗೆ ಸಿಕ್ಕ ಆ ಒಂದಿಷ್ಟು ನೆಮ್ಮದಿಯೂ ಹೋಗುತ್ತದೆ. ಹೇಳದಿದ್ದರೆ ಕೆಂಪಯ್ಯ ತನ್ನ ಹೆಂಡತಿ ಎದುರಲ್ಲೇ ಕಳ್ಳನಾಗಿ ಉಳಿಯುತ್ತಾನೆ. ಸೂಜಿಯಾದರೆ ಬಿಚ್ಚಿ ಬದಲಾಯಿಸಬಹುದಿತ್ತು. ಇದನ್ನು ಏನು ಮಾಡಲಿ, ನನಗೆ ತಿಳಿಯುವುದಿಲ್ಲ.

ನಾಳೆ ಬೆಳಿಗ್ಗೆ ಬಸ್ಸು ಹತ್ತಿ ನಿಮ್ಮ ಸ್ಟಾಪಿನಲ್ಲಿ ಇಳಿಯುತ್ತೇನೆ. ಮೊದಲು ಅವನ ಹೆಂಡತಿಯ ಬಾಗಿಲಿಗೆ, ಆಮೇಲೆ ನಿನ್ನ ಬಾಗಿಲಿಗೆ. ಕ್ಷಮಿಸು ಅಂತ ಕೇಳುವುದಿಲ್ಲ, ಸಿದ್ದರಾಜು. ಅದನ್ನು ನೀನು ಏನೂ ಮಾಡದವನಿಗೆ ಕೊಟ್ಟು ಬಂದಿದ್ದೀಯ.